ಬಾಗಿಲ ಹ್ಯಾಂಡಲ್: ಒಂದೂವರೆ ವರ್ಷ ಬಳಸಿ ಬರೆಯುತ್ತಿದ್ದೇನೆ

ತುಮಕೂರಿನ ಬಟವಾಡಿ ಹತ್ತಿರ ನಮ್ಮ ಮನೆ. ಕಟ್ಟಿಸಿ ಹನ್ನೆರಡು ವರ್ಷ ಆದ ಮೇಲೆ ಒಳಗಿನ ಐದು ಬಾಗಿಲಿನ ಹ್ಯಾಂಡಲ್, ಲಾಕ್, ಚಿಲಕ ಎಲ್ಲ ಬದಲಿಸಿದೆವು. ಅಂದಕ್ಕಲ್ಲ, ಭಯ ಬಿದ್ದು. ನಾಲ್ಕು ವರ್ಷದ ಮಗ ಬಾತ್‌ರೂಮಿಗೆ ಹೋಗಿ ಟವರ್ ಬೋಲ್ಟ್ (ಜಾರಿಸಿ ಹಾಕುವ ಚಿಲಕ) ಹಾಕಿಕೊಂಡುಬಿಟ್ಟ, ತೆಗೆಯೋಕೆ ಅವನ ಕೈಲಿ ಆಗಲಿಲ್ಲ. ಕೊನೆಗೆ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು, ಪಕ್ಕದ ಮನೆ ಹುಡುಗನನ್ನು ಒಳಗಿಳಿಸಿ ಬಾಗಿಲು ತೆಗೆಸಬೇಕಾಯಿತು. ಆ ಇಪ್ಪತ್ತು ನಿಮಿಷದ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಮೊದಲು ಬಾತ್‌ರೂಮಿನ ವಿಷಯ. ಒಳಗಡೆ ತಿರುಗಿಸುವ ನಾಬ್, ಹೊರಗಡೆ ನಾಣ್ಯ ಇಟ್ಟು ತಿರುಗಿಸಿದರೆ ತೆರೆದುಕೊಳ್ಳುವ ಸಣ್ಣ ಗೀರು ಇರುವ ಲಾಕ್ ಸಿಗುತ್ತದೆ. ಬಾತ್‌ರೂಮ್ ಲಾಕ್ ಅಂತಲೇ ಕೇಳಿ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇದು ಬೇಕೇ ಬೇಕು.

ಬೆಡ್‌ರೂಮಿಗೆ ಮೊದಲು ಆನ್‌ಲೈನಲ್ಲಿ ಚಿನ್ನದ ಬಣ್ಣದ ಒಂದು ಜೊತೆ ತರಿಸಿದ್ದೆ. ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು. ನಾಲ್ಕೇ ತಿಂಗಳಿಗೆ ಒಳಗಿನ ಸ್ಪ್ರಿಂಗ್ ಸೋತು ಹ್ಯಾಂಡಲ್ ಜೋತುಬಿತ್ತು, ಕೈ ತಾಗುವ ಕಡೆ ಬಣ್ಣವೂ ಹೋಯಿತು. ಆಮೇಲೆ ಮಂಡಿಪೇಟೆಯ ಒಂದು ಹಳೇ ಹಾರ್ಡ್‌ವೇರ್ ಅಂಗಡಿಗೆ ಹೋದೆವು, ಅತ್ತೆಯನ್ನೂ ಕರೆದುಕೊಂಡು. ಅವರಿಗೆ ಬೆರಳು ಸಂದುಗಳಲ್ಲಿ ನೋವು. ಅಂಗಡಿಯವರು ಹಲಗೆಗೆ ಕೂರಿಸಿದ ಸ್ಯಾಂಪಲ್‌ಗಳನ್ನೆಲ್ಲ ಮುಂದಿಟ್ಟು, "ನೀವೇ ಒತ್ತಿ ನೋಡಿ ಅಮ್ಮಾ, ನಿಧಾನಕ್ಕೆ ನೋಡಿ" ಅಂದರು. ಗುಂಡು ನಾಬ್ ಹಿಡಿದು ತಿರುಗಿಸೋಕೆ ಅತ್ತೆಗೆ ಆಗಲೇ ಇಲ್ಲ. ಉದ್ದನೆಯ ಲಿವರನ್ನು ಅಂಗೈಯಲ್ಲಿ ಒತ್ತಿದರು, ತೆರೆಯಿತು. ಅಲ್ಲಿಗೆ ಅರ್ಧ ತೀರ್ಮಾನ ಆಯಿತು. ಲಿವರಿನ ತುದಿ ಬಾಗಿಲ ಕಡೆಗೆ ಮಡಚಿರುವುದನ್ನೇ ಆರಿಸಿದೆವು. ನೇರ ತುದಿಗೆ ಸೆರಗು, ಬಳೆ, ಚೂಡಿದಾರದ ವೇಲು ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ, ಅಲ್ವಾ.

ನಾನು ಪರ್ಸಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಅಂಟದಿದ್ದರೆ ಒಳ್ಳೆ ಸ್ಟೀಲು ಅಂತ ಯಾರೋ ಹೇಳಿದ್ದರು. ಅಂಗಡಿಯವರು ತಿಳಿಸಿ ಹೇಳಿದರು: ಸ್ಟೀಲಿನಲ್ಲಿ 202, 304 ಅಂತ ಗ್ರೇಡ್ ಇರುತ್ತವೆ, 202 ಸ್ಟೀಲಿಗೂ ಸಾಮಾನ್ಯವಾಗಿ ಅಂಟುವುದಿಲ್ಲ, ಜಿಂಕ್ ಎರಕಕ್ಕೂ ಅಂಟುವುದಿಲ್ಲ, ಹಿತ್ತಾಳೆಗೂ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ ಇರಬಹುದು ಅಂತ ಅನುಮಾನ ಪಡಬಹುದು, ಅಷ್ಟೇ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ನೀರು ಬೀಳುವ ಜಾಗದಲ್ಲಿ ಅದು ಬೇಗ ತುಕ್ಕಿನ ಚುಕ್ಕೆ ಹಿಡಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಗ್ರೇಡ್ ಓದಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ನಾವು ಬಾತ್‌ರೂಮಿಗೆ 304 ಹಾಕಿಸಿದೆವು. ಬೋರ್‌ವೆಲ್ ನೀರಿನ ಬಿಳಿ ಕಲೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತುಕ್ಕು ಇದುವರೆಗೂ ಕಂಡಿಲ್ಲ.

ಹಳೇ ಬಾಗಿಲಿಗೆ ಹೊಸದು ಹಾಕುವವರು ಅಳತೆ ತೆಗೆದುಕೊಳ್ಳದೆ ಅಂಗಡಿಗೆ ಹೋಗಲೇಬೇಡಿ. ಬಾಗಿಲಿನ ದಪ್ಪ (ನಮ್ಮದು 30 ಮಿ.ಮೀ. ಫ್ಲಶ್ ಡೋರ್), ಬಾಗಿಲಿನ ಅಂಚಿನಿಂದ ಕೀ ತೂತಿನ ನಡುವಿನವರೆಗೆ ಎಷ್ಟು, ಹ್ಯಾಂಡಲ್ ನಡುವಿನಿಂದ ಕೀ ತೂತಿನ ನಡುವಿಗೆ ಎಷ್ಟು, ಈ ಮೂರು ಬೇಕು. ಕೊನೆಯದು ತುಂಬಾ ಮಾರ್ಟಿಸ್ ಲಾಕ್‌ಗಳಲ್ಲಿ (ಬಾಗಿಲಿನ ಅಂಚಿನೊಳಗೆ ಕೊರೆದು ಕೂರಿಸುವಂಥವು) 85 ಮಿ.ಮೀ. ಇರುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ. ನನಗೆ ಗುಂಡು ಬಿಲ್ಲೆಯ ರೋಸ್ ಹ್ಯಾಂಡಲ್ ಮೇಲೆ ತುಂಬಾ ಆಸೆ ಇತ್ತು. ನಮ್ಮ ಆಚಾರ್ರು ಬಾಗಿಲು ನೋಡಿ, "ಬೇಡಮ್ಮಾ, ಹಳೇ ಪ್ಲೇಟಿನ ತೂತೆಲ್ಲ ಬಾಯಿ ಬಿಟ್ಕೊಂಡು ಕಾಣ್ತವೆ" ಅಂದರು. ನಿಜ. ಉದ್ದ ಪ್ಲೇಟಿನದೇ ಹಾಕಿಸಿದೆವು, ಹಳೇ ಗುರುತೆಲ್ಲ ಮುಚ್ಚಿಹೋಯಿತು. ಹೊಸ ಮನೆ ಕಟ್ಟುವವರಿಗೆ ಈ ತೊಂದರೆ ಇಲ್ಲ, ಆದರೆ ಬಾಗಿಲಿಗೆ ತೂತು ಕೊರೆಯುವ ಮುಂಚೆಯೇ ಹ್ಯಾಂಡಲ್ ತಂದು ಆಚಾರ್ರ ಕೈಗೆ ಕೊಡಿ.

ಹಿಂಜಸ್ ಮೇಲೆ ಯಾರೂ ಗಮನ ಕೊಡುವುದಿಲ್ಲ. ಒಂದು ಬಾಗಿಲಿಗೆ ನಾಲ್ಕಿಂಚಿನವು ಮೂರು ಹಾಕಿಸಿ. ಬಾಗಿಲು ಸ್ವಲ್ಪ ಜಗ್ಗಿದರೂ ಲಾಕಿನ ನಾಲಿಗೆ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರುವುದಿಲ್ಲ, ಆಮೇಲೆ ಎಷ್ಟು ಒಳ್ಳೆ ಹ್ಯಾಂಡಲ್ ಇದ್ದರೂ ಭುಜ ಕೊಟ್ಟು ತಳ್ಳಬೇಕಾಗುತ್ತದೆ.

ಆ ಅಂಗಡಿಯಲ್ಲಿ ಇಷ್ಟವಾಗದ್ದೂ ಇದೆ. ಜಾಗ ತೀರಾ ಇಕ್ಕಟ್ಟು, ಗಾಡಿ ನಿಲ್ಲಿಸೋಕೆ ಆಗಲ್ಲ, ಸಾಯಂಕಾಲ ಹೋದರೆ ಕೌಂಟರ್ ಹತ್ತಿರ ನಿಲ್ಲೋಕೂ ಜಾಗ ಸಿಗಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿಗೆ ಹೋದರೆ ಸಮಾಧಾನವಾಗಿ ತೋರಿಸುತ್ತಾರೆ. ನಮಗೆ ಐದು ಬಾಗಿಲಿಗೆ ಸಾಮಾನು, ಕೂಲಿ ಸೇರಿ 14,000 ಚಿಲ್ಲರೆ ಆಯಿತು. ಆನ್‌ಲೈನ್ ಬೆಲೆಗಿಂತ ಜಾಸ್ತಿಯೇ, ಆದರೆ ಒಂದು ಲಾಕ್ ಬಿಗಿ ಇದೆ ಅಂತ ವಾಪಸ್ ತೆಗೆದುಕೊಂಡು ಹೋದಾಗ ಮಾತೇ ಆಡದೆ ಬದಲಿಸಿ ಕೊಟ್ಟರು.

ಒಂದೂವರೆ ವರ್ಷದಲ್ಲಿ ಒಂದೇ ಒಂದು ಹ್ಯಾಂಡಲ್ ಸ್ವಲ್ಪ ಅಲ್ಲಾಡಿತು. ಕತ್ತಿನ ಕೆಳಗೆ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಬಿಗಿ ಮಾಡಿದೆ, ಸರಿಹೋಯಿತು. ಅದಕ್ಕೆ ಬೇಕಾದ ಅಲೆನ್ ಕೀ ಡಬ್ಬಿಯಲ್ಲೇ ಬಂದಿತ್ತು, ಟಿವಿ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬಾತ್‌ರೂಮ್ ಲಾಕಿಗೆ ಬೇಕಾದ ಒಂದು ರೂಪಾಯಿ ನಾಣ್ಯವೂ ಅದರ ಪಕ್ಕದಲ್ಲೇ ಇದೆ.