ಉಮಾಶ್ರೀಯವರನ್ನು ಎಲ್ಲಿ ನೋಡಬೇಕು: ರಂಗದ ಮೇಲೋ, ಪರದೆಯ ಮೇಲೋ?

ಉಮಾಶ್ರೀಯವರ ಅಭಿನಯ ನೋಡಬೇಕೆಂದರೆ ಬೆಂಗಳೂರಿನವರಿಗೆ ದಾರಿಗಳಿಗೆ ಬರವಿಲ್ಲ. ನಾಟಕವಿದೆ, ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರವಿದೆ, ಟಿವಿಯಲ್ಲಿ ಮತ್ತೆ ಮತ್ತೆ ಬರುವ ಜನಪ್ರಿಯ ಚಿತ್ರಗಳಿವೆ, ಧಾರಾವಾಹಿಯಿದೆ. ಮೊಬೈಲಿನಲ್ಲಿ ಹರಿದಾಡುವ ಹಾಸ್ಯದ ತುಣುಕುಗಳಂತೂ ಲೆಕ್ಕಕ್ಕೆ ಸಿಗವು. ನನ್ನ ತಂಗಿಯ ಮಗಳು ಅವರನ್ನು ಧಾರಾವಾಹಿಯ ಪುಟ್ಟಕ್ಕನಾಗಿ ಮಾತ್ರ ಬಲ್ಲವಳು. "ದೊಡ್ಡಮ್ಮ, ಇವರದು ಬೇರೆ ಏನು ನೋಡಲಿ?" ಎಂದು ಅವಳು ಕೇಳಿದ ಮೇಲೆ, ಇವೆಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಮತ್ತೊಮ್ಮೆ ನೋಡಿದೆ. ನಾಲ್ಕು ದಶಕ ಮೀರಿದ ಬಣ್ಣದ ಬದುಕು ಅದು. ಎಲ್ಲಿಂದ ಒಳಹೊಕ್ಕರೂ ಒಂದೇ ಉಮಾಶ್ರೀ ಸಿಗುತ್ತಾರೆ ಎಂದುಕೊಳ್ಳುವಂತಿಲ್ಲ.

ಮೊದಲು ಮೊಬೈಲಿನ ತುಣುಕುಗಳ ಮಾತು ಮುಗಿಸುತ್ತೇನೆ, ಏಕೆಂದರೆ ನನ್ನ ಪಟ್ಟಿಯಲ್ಲಿ ಅವು ಕಟ್ಟಕಡೆಗೆ. 1984ರ 'ಅನುಭವ'ದಿಂದ ಗುರುತಿಸಿಕೊಂಡ ಮೇಲೆ ಚಿತ್ರರಂಗ ಅವರನ್ನು ವರ್ಷಗಟ್ಟಲೆ ಹಾಸ್ಯದ ಪಾತ್ರಗಳಲ್ಲೇ ಕೂರಿಸಿತು. ಹಾಸ್ಯನಟ ಎನ್.ಎಸ್. ರಾವ್ ಅವರೊಂದಿಗಿನ ಜೋಡಿ ಮನೆಮಾತಾಯಿತು, ದ್ವಂದ್ವಾರ್ಥದ ಮಾತುಗಳೂ ಅವರ ಪಾಲಿಗೆ ಬಂದವು. ತುಣುಕು ಮಾಡುವವರು ಉಳಿಸಿಕೊಳ್ಳುವುದು ಆ ಮಾತುಗಳನ್ನೇ. ಇಡೀ ಚಿತ್ರ ನೋಡಿದರೆ ಮಾತಿಗೆ ಮುಂಚಿನ ಕೆಲಸ ಕಾಣುತ್ತದೆ: ಎದುರಿನವರ ಮಾತನ್ನು ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ, ಎಲ್ಲಿ ಅರೆಗಳಿಗೆ ತಡೆಯುತ್ತಾರೆ, ಯಾವ ಪದಕ್ಕೆ ದನಿ ಏರಿಸುತ್ತಾರೆ. ಕತ್ತರಿಗೆ ಬಲಿಯಾಗುವುದು ಇದೇ. ಬರೆದುಕೊಟ್ಟ ಸಂಭಾಷಣೆಯ ಮಟ್ಟದಿಂದ ಕಲಾವಿದೆಯ ಮಟ್ಟವನ್ನು ಅಳೆಯುವುದು ಅನ್ಯಾಯ, ಮತ್ತು ಆ ಅನ್ಯಾಯ ಅವರಿಗೆ ಬಹಳ ಕಾಲ ನಡೆದಿದೆ.

ಜನಪ್ರಿಯ ಚಿತ್ರವೇ ಬೇಕೆಂದರೆ 1995ರ 'ಪುಟ್ನಂಜ' ನೋಡಿ, ಪೂರ್ತಿ ನೋಡಿ. ಅದರಲ್ಲಿ ಅವರು ರವಿಚಂದ್ರನ್ ಅವರ ಅಜ್ಜಿ ಪುಟ್ಮಲ್ಲಿ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ರವಿಚಂದ್ರನ್ 1961ರಲ್ಲಿ. ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡ ಅಜ್ಜಿ! ನೋಡುವಾಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಬಿಳಿಗೂದಲನ್ನು ಮೇಕಪ್ಪಿನವರು ಕೊಡಬಲ್ಲರು. ಮೊಮ್ಮಗನನ್ನು ಗದರುವಾಗಲೇ ಅಕ್ಕರೆ ಇಣುಕುವ ಆ ದನಿಯನ್ನು ಯಾವ ಮೇಕಪ್ಪೂ ಕೊಡಲಾರದು. ಹಾಡು, ಕುಣಿತ, ಬಣ್ಣಗಳ ಅಬ್ಬರದ ನಡುವೆಯೂ ಚಿತ್ರ ಮುಗಿದ ಮೇಲೆ ನನ್ನಲ್ಲಿ ಉಳಿದದ್ದು ಪುಟ್ಮಲ್ಲಿ. ಹೊಸಬರಿಗೆ ಇದಕ್ಕಿಂತ ಸಲೀಸಾದ ಬಾಗಿಲಿಲ್ಲ. ಮನೆಮಂದಿಯೆಲ್ಲ ಕುಳಿತು ನೋಡಬಹುದು ಎಂಬುದೂ ಸಣ್ಣ ಮಾತಲ್ಲ.

ಧಾರಾವಾಹಿಯದು ಬೇರೆಯದೇ ಹದ. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಅವರು ಗಂಡನಿಂದ ದೂರವಾಗಿ, ಮೆಸ್ ನಡೆಸಿ, ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿ. ದಿನವೂ ಬರುವ ಕಥೆಗೆ ಎಳೆದಾಟ ತಪ್ಪಿದ್ದಲ್ಲ. ಒಂದೇ ಅಳಲು ವಾರಗಟ್ಟಲೆ ನಡೆಯುತ್ತದೆ, ಹಿನ್ನೆಲೆ ಸಂಗೀತ ಮುಖಭಾವಕ್ಕಿಂತ ಮೊದಲೇ ಅತ್ತುಬಿಡುತ್ತದೆ. ಆದರೂ ನಾನು ಬಿಡದೆ ನೋಡಿದ ತಿಂಗಳುಗಳಿವೆ, ಅದಕ್ಕೆ ಕಾರಣ ಮೆಸ್ಸಿನ ದೃಶ್ಯಗಳು. ಊಟಕ್ಕೆ ಕುಳಿತವರ ಕಡೆ ಪುಟ್ಟಕ್ಕ ನೋಡುವ ನೋಟದಲ್ಲಿ ಯಾರ ಹೊಟ್ಟೆ ತುಂಬಿಲ್ಲ ಎಂಬ ಎಣಿಕೆ ನಡೆದಿರುತ್ತದೆ. ಮಗಳೊಬ್ಬಳ ಮೇಲೆ ಸಿಟ್ಟು ಬಂದಿದ್ದರೂ ಕೈಯ ಕೆಲಸ ನಿಲ್ಲುವುದಿಲ್ಲ, ಸಿಟ್ಟು ಕೆಲಸದ ವೇಗದಲ್ಲಿ ಕಾಣಿಸುತ್ತದೆ. ನಿತ್ಯ ದುಡಿಯುವ ಹೆಂಗಸರನ್ನು ಹತ್ತಿರದಿಂದ ಕಂಡವರಷ್ಟೇ ಹೀಗೆ ಅಭಿನಯಿಸಬಲ್ಲರು. ಸಮಯ ಇರುವವರಿಗೆ ಆರಂಭದ ಕಂತುಗಳು ಸಾಕು. ಪೂರ್ತಿ ನೋಡಿ ಎಂದು ನಾನು ಹೇಳುವುದಿಲ್ಲ.

ಇನ್ನು 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ 2008ರ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಇರುವ, ಸಿನಿಮಾ ಎಂದರೆ ಪ್ರಾಣ ಬಿಡುವ ಸೂಲಗಿತ್ತಿ ಗುಲಾಬಿ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳ ಮನೆಗೆ ಬಣ್ಣದ ಟಿವಿ, ಡಿಶ್ ಬರುತ್ತವೆ. ಅಕ್ಕಪಕ್ಕದ ಹೆಂಗಸರೂ ಬರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಊರಿನ ಗಾಳಿ ಬದಲಾಗಿ, ಗುಲಾಬಿ ಮುಸ್ಲಿಮಳು ಎಂಬುದೇ ಎಲ್ಲಕ್ಕಿಂತ ದೊಡ್ಡದಾಗುತ್ತದೆ.

ಈ ಚಿತ್ರವನ್ನು ನಾನು ಲ್ಯಾಪ್‌ಟಾಪಿನಲ್ಲೂ ನೋಡಿದ್ದೇನೆ, ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯಲ್ಲಿ ಹತ್ತಾರು ಜನರ ಜೊತೆ ಕುಳಿತೂ ನೋಡಿದ್ದೇನೆ. ಎರಡಕ್ಕೂ ಅಜಗಜಾಂತರ. ಸಿನಿಮಾ ನೋಡುತ್ತ ಕುಳಿತ ಗುಲಾಬಿಯ ಮುಖದ ಮೇಲೆ ಪರದೆಯ ಬೆಳಕು ಬೀಳುವಾಗ ಉಮಾಶ್ರೀ ಏನನ್ನೂ 'ಮಾಡುವುದಿಲ್ಲ'. ಬಾಯಿ ಚೂರು ತೆರೆದಿರುತ್ತದೆ, ಕಣ್ಣು ರೆಪ್ಪೆ ಹೊಡೆಯಲು ಮರೆತಿರುತ್ತದೆ, ಅಷ್ಟೇ. ಪುಟ್ಟ ಪರದೆಯಲ್ಲಿ ಇದು ಖಾಲಿ ಮುಖದಂತೆ ಕಂಡು ಮುಂದೆ ಸರಿದುಬಿಡುತ್ತದೆ. ದೊಡ್ಡ ಪರದೆಯಲ್ಲಿ ಅದೇ ಮುಖ ಒಬ್ಬ ಒಂಟಿ ಹೆಂಗಸಿನ ಇಡೀ ಆಸೆಯನ್ನು ಹೊತ್ತು ನಿಲ್ಲುತ್ತದೆ. ಮಾತಿನ ಮಲ್ಲಿ ಎಂದು ಹೆಸರಾದ ನಟಿಯಿಂದ ಮಾತನ್ನೇ ಕಿತ್ತುಕೊಂಡು ಕಾಸರವಳ್ಳಿಯವರು ಏನು ಪಡೆದರು ಎಂಬುದು ಅಲ್ಲಿ ತಿಳಿಯುತ್ತದೆ. ಈ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಚಿತ್ರಗಳ ಮೂಲಕ ಅದನ್ನು ಅವರಿಗಿಂತ ಮೊದಲು ಪಡೆದವರು 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ ಮತ್ತು 'ಹಸೀನಾ'ದ ತಾರಾ ಇಬ್ಬರೇ.

ಇಷ್ಟೆಲ್ಲ ಹೇಳಿಯೂ ನನ್ನ ಮೊದಲ ಸ್ಥಾನ ರಂಗಭೂಮಿಗೆ. ಉಮಾಶ್ರೀ ಬೆಳೆದದ್ದೇ ಅಲ್ಲಿ. ದೇವನೂರ ಮಹಾದೇವ ಅವರ 'ಒಡಲಾಳ' ರಂಗಕ್ಕೆ ಬಂದಾಗ, ಕಳೆದುಹೋದ ಹುಂಜ ಹುಡುಕುವ ಮುದುಕಿ ಸಾಕವ್ವನಾಗಿ ಅವರು ನಿಂತದ್ದು ಎಳೆಯ ಪ್ರಾಯದಲ್ಲಿ. ರಂಗಾಸಕ್ತರಲ್ಲಿ ಅವರಿಗೆ ಹೆಸರು ತಂದ ಪಾತ್ರ ಅದು. ಅಂದಿನ ಆ ಸಾಕವ್ವ ಇಂದಿನವರಿಗೆ ಸಿಗುವುದಿಲ್ಲ. ರಂಗಭೂಮಿಯ ದೊಡ್ಡ ಕೊರತೆ ಇದೇ, ಕಾದಿಟ್ಟು ಮತ್ತೆ ತೋರಿಸಲಾಗದು. ಸಿಗುವುದು 'ಶರ್ಮಿಷ್ಠೆ': ಬೇಲೂರು ರಘುನಂದನ್ ಬರೆದು, ಚಿದಂಬರರಾವ್ ಜಂಬೆ ನಿರ್ದೇಶಿಸಿದ ಏಕವ್ಯಕ್ತಿ ಪ್ರಯೋಗ. 2013ರಿಂದ 2018ರವರೆಗೆ ಸಚಿವೆಯಾಗಿದ್ದ ಕಾಲವೂ ಕಳೆದು, ಅರವತ್ತೈದು ದಾಟಿದ ವಯಸ್ಸಿನಲ್ಲಿ ಅವರು ಒಬ್ಬರೇ ರಂಗವನ್ನು ತುಂಬಲು ಬಂದರು.

ಮಹಾಭಾರತದ ಶರ್ಮಿಷ್ಠೆ ಅವಳು: ಅಸುರರಾಜ ವೃಷಪರ್ವನ ಮಗಳು, ದೇವಯಾನಿಗೆ ದಾಸಿಯಾದವಳು, ಅವಳ ಗಂಡ ಯಯಾತಿಯನ್ನು ಗುಟ್ಟಾಗಿ ವರಿಸಿದವಳು, ತಂದೆಗೆ ಯೌವನವನ್ನೇ ಕೊಟ್ಟ ಪುರುವಿನ ತಾಯಿ, ಇಷ್ಟೂ ಒಂದೇ ದೇಹದಲ್ಲಿ. ಇಪ್ಪತ್ತು ಮೂವತ್ತರಲ್ಲಿ ಮುದುಕಿಯರನ್ನು ಮೈಮೇಲೆ ತಂದುಕೊಂಡಿದ್ದವರು ಈಗ ರಾಜಕುಮಾರಿಯ ಹರೆಯವನ್ನು ತಂದುಕೊಳ್ಳುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ಕೊರಳು ಒಂದಿಷ್ಟು ಮೇಲೇಳುತ್ತದೆ, ದನಿಯಲ್ಲಿ ದರ್ಪ ಬರುತ್ತದೆ. ಮಗನ ಪ್ರಸಂಗಕ್ಕೆ ಬರುವ ಹೊತ್ತಿಗೆ ಅದೇ ದನಿ ತಾಯಿಯದಾಗಿರುತ್ತದೆ. ಎಲ್ಲಿ ತಿರುಗಿತು ಎಂದು ನಾನು ಕಣ್ಣು ಕೀಲಿಸಿ ಕುಳಿತರೂ ಹಿಡಿಯಲಾಗಲಿಲ್ಲ. ಕಟ್ ಇಲ್ಲ, ಇನ್ನೊಂದು ಟೇಕ್ ಇಲ್ಲ, ಎದುರು ಮಾತಾಡುವವರಿಲ್ಲ. ಹಾಸ್ಯದಲ್ಲಿ ಪಳಗಿದ ಕಾಲಪ್ರಜ್ಞೆ, ಗುಲಾಬಿಯ ಮೌನ ಎರಡೂ ಇಲ್ಲಿ ಕೂಡಿ ಬಂದಿವೆ. ಸಿನಿಮಾ ಅವರನ್ನು ಹಾಸ್ಯನಟಿ, ಪೋಷಕನಟಿ ಎಂದು ಹೋಳು ಮಾಡಿತು. ರಂಗದ ಮೇಲೆ ಅವರು ಇಡಿಯಾಗಿ ಸಿಗುತ್ತಾರೆ.

ಅವರ ನಾಟಕ ಎಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ರವೀಂದ್ರ ಕಲಾಕ್ಷೇತ್ರ ದೊಡ್ಡದು. ಏಕವ್ಯಕ್ತಿ ಪ್ರಯೋಗಕ್ಕೆ ಅಲ್ಲಿ ಹಿಂದಿನ ಸಾಲು ಸಿಕ್ಕರೆ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಬೇಗ ಹೋಗಿ ಮುಂದೆ ಕೂರಬೇಕು. ಜೆ.ಪಿ. ನಗರದ ರಂಗಶಂಕರದಂಥ ಚಿಕ್ಕ ರಂಗಮಂದಿರದಲ್ಲಾದರೆ ಎಲ್ಲಿ ಕುಳಿತರೂ ನಟರ ಉಸಿರು ಕೇಳಿಸುವಷ್ಟು ಹತ್ತಿರ. ಆದರೆ ಅಲ್ಲಿ ಪ್ರದರ್ಶನ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ನಗರದ ಸಂಜೆಯ ಟ್ರಾಫಿಕ್ ಲೆಕ್ಕ ಹಾಕಿಯೇ ಹೊರಡಬೇಕು.

ತಂಗಿಯ ಮಗಳಿಗೆ ನಾನು ಹೇಳಿದ್ದು: ಈ ಶನಿವಾರ 'ಪುಟ್ನಂಜ', ಭಾನುವಾರ 'ಗುಲಾಬಿ ಟಾಕೀಸ್', ಅದೂ ಮೊಬೈಲಿನಲ್ಲಿ ಬೇಡ, ಮನೆಯ ದೊಡ್ಡ ಟಿವಿಯಲ್ಲಿ ದೀಪ ಆರಿಸಿಕೊಂಡು. 'ಶರ್ಮಿಷ್ಠೆ' ಮತ್ತೆ ಬೆಂಗಳೂರಿಗೆ ಬಂದ ದಿನ ಟಿಕೆಟ್ ನನ್ನದು.