ಲ್ಯಾಪ್‌ಟಾಪಿಗೆ ಹೊರಗಿಂದ ಗ್ರಾಫಿಕ್ಸ್ ಕಾರ್ಡ್: ಎರಡು ವರ್ಷ ಬಳಸಿದ ಮೇಲೆ

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಆಮೇಲೆ ಬದಲಾಯಿಸಬಹುದಾ? ಬಹುತೇಕ ಮಾದರಿಗಳಲ್ಲಿ ಆಗಲ್ಲ. ಚಿಪ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ರ್‍ಯಾಮ್ ಥರ ಕಿತ್ತು ಹಾಕುವಂಥದ್ದಲ್ಲ. ಹಳೆಯ ಕೆಲವು ವರ್ಕ್‌ಸ್ಟೇಷನ್‌ಗಳಲ್ಲಿ ಎಂಎಕ್ಸ್ಎಂ (ಲ್ಯಾಪ್‌ಟಾಪಿಗೆಂದೇ ಮಾಡಿದ, ಕಿತ್ತು ಹಾಕುವಂಥ) ಕಾರ್ಡ್ ಇರುತ್ತಿತ್ತು, ಅದನ್ನು ಬದಲಾಯಿಸಬಹುದಿತ್ತು. ಅಲ್ಲೂ ಹೀಟ್‌ಸಿಂಕಿನ ಸ್ಕ್ರೂ ತೂತುಗಳು ಹೊಂದಬೇಕು, ಲ್ಯಾಪ್‌ಟಾಪ್ ಶುರುವಾಗುವಾಗ ಓಡುವ ಬಯೋಸ್ ತಂತ್ರಾಂಶ ಒಪ್ಪಬೇಕು. ಫ್ರೇಮ್‌ವರ್ಕ್ 16 ಎಂಬ ಲ್ಯಾಪ್‌ಟಾಪ್ ಇದಕ್ಕೆ ಅಪವಾದ: ರೇಡಿಯಾನ್ 7700ಎಸ್ ಮಾಡ್ಯೂಲ್ ಜೊತೆ ಬಂದ ಮಾದರಿಗೆ 2025ರಲ್ಲಿ ಆರ್‌ಟಿಎಕ್ಸ್ 5070 ಮಾಡ್ಯೂಲನ್ನೂ ಘೋಷಿಸಿದರು. ಮಿಕ್ಕವರ ಪಾಲಿಗೆ ಉಳಿಯುವುದು ಥಂಡರ್‌ಬೋಲ್ಟ್ ಡಬ್ಬಿ, ಅಂದರೆ ಇಜಿಪಿಯು: ಡೆಸ್ಕ್‌ಟಾಪಿನ ಕಾರ್ಡನ್ನು ಹೊರಗೊಂದು ಡಬ್ಬಿಯಲ್ಲಿಟ್ಟು, ಥಂಡರ್‌ಬೋಲ್ಟ್ ಎಂಬ ವೇಗದ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸುವ ವ್ಯವಸ್ಥೆ. ಈ ವಿಮರ್ಶೆ ಅದರದ್ದು.

ಡಬ್ಬಿ ನೋಡುವ ಮೊದಲು ಪೋರ್ಟ್ ನೋಡಿ. ಟೈಪ್-ಸಿ ಆಕಾರ ಇದ್ದ ಮಾತ್ರಕ್ಕೆ ಸಾಲದು. ಕೆಲವು ಬರೀ ಚಾರ್ಜಿಂಗಿಗೆ, ಕೆಲವು ಮಾನಿಟರಿಗೆ. ಪಿಸಿಐಇ, ಅಂದರೆ ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರಿನ ಜೊತೆ ಮಾತಾಡುವ ದಾರಿ, ಅದನ್ನು ಸಾಗಿಸುವ ಪೋರ್ಟೇ ಬೇಕು: ಥಂಡರ್‌ಬೋಲ್ಟ್ 3, 4, 5, ಇಲ್ಲವೇ ಆ ಸೌಲಭ್ಯವಿರುವ ಯುಎಸ್‌ಬಿ4. ಎಂ ಸರಣಿಯ ಚಿಪ್ ಇರುವ ಮ್ಯಾಕ್‌ನಲ್ಲಿ ಥಂಡರ್‌ಬೋಲ್ಟ್ ಇದ್ದರೂ ಗೇಮಿಗೆ ಇದನ್ನು ನಂಬಿ ಕೊಳ್ಳಬೇಡಿ.

ಪವರ್ ಲೆಕ್ಕ ಸುಲಭ. ಡಬ್ಬಿಯೊಳಗೆ ಕಾರ್ಡ್ ಕೂರುವ ಸ್ಲಾಟ್ 75 ವ್ಯಾಟ್ ಕೊಡುತ್ತದೆ, 8 ಪಿನ್ ಕೇಬಲ್ 150. ಡಬ್ಬಿಯೇ ಲ್ಯಾಪ್‌ಟಾಪಿಗೂ 100 ವ್ಯಾಟ್ ಕೊಡುವಂತಿದ್ದರೆ 325 ಆಯಿತು. ಕಾರ್ಡ್ ಒಮ್ಮೊಮ್ಮೆ ಕ್ಷಣಕಾಲ ಮಿತಿ ಮೀರಿ ಎಳೆಯುವುದರಿಂದ 550 ವ್ಯಾಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿದರೆ ನೆಮ್ಮದಿ.

ಈಗ ದಿನನಿತ್ಯದ ವ್ರತ. ಮೊದಲು ಡಬ್ಬಿಯ ಸ್ವಿಚ್, ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವವರೆಗೆ ಕಾಯುವುದು, ಆಮೇಲೆ ಕೇಬಲ್. ಪರದೆ ಒಮ್ಮೆ ಕಪ್ಪಾಗಿ ವಾಪಸ್ ಬಂದರೆ ಕಾರ್ಡ್ ಸಿಕ್ಕಿತು ಅಂತ ಅರ್ಥ. ಬರದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಕೋಡ್ 12 ಕಂಡರೆ ಕಾರ್ಡಿಗೆ ಹಂಚಲು ವಿಂಡೋಸಿನ ಬಳಿ ಸಂಪನ್ಮೂಲ ಸಾಲದಾಗಿದೆ; ಒಳಗಿನ ಎರಡನೇ ಗ್ರಾಫಿಕ್ಸ್ ಚಿಪ್ಪನ್ನು ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೇಬಲ್ ಕೀಳುವ ಮುಂಚೆ ಟಾಸ್ಕ್‌ಬಾರಿನಿಂದ ಇಜೆಕ್ಟ್ ಮಾಡಲೇಬೇಕು. ಸುಮ್ಮನೆ ಎಳೆದರೆ ನೀಲಿ ಪರದೆ.

ಸಿಟ್ಟು ಬರಿಸುವ ವಿಷಯ ಒಂದೇ, ಅದೂ ಲ್ಯಾಪ್‌ಟಾಪಿನ ಸ್ವಂತ ಪರದೆ. ಹೊರಗಿನ ಕಾರ್ಡ್ ಬಿಡಿಸಿದ ಪ್ರತಿ ಚಿತ್ರವೂ ಅದೇ ಕೇಬಲಿನಲ್ಲಿ ವಾಪಸ್ ಬಂದು, ಒಳಗಿನ ಗ್ರಾಫಿಕ್ಸಿನ ಕೈ ದಾಟಿ ಪರದೆ ಸೇರಬೇಕು. 1920×1080ರ ಒಂದು ಚಿತ್ರ ಸುಮಾರು 8 ಎಂಬಿ. ಸೆಕೆಂಡಿಗೆ 144 ಚಿತ್ರ ಅಂದರೆ 1.2 ಜಿಬಿ. ಥಂಡರ್‌ಬೋಲ್ಟ್ 3ರ 40 ಗಿಗಾಬಿಟ್‌ನಲ್ಲಿ ಪಿಸಿಐಇಗೆ ವಾಸ್ತವದಲ್ಲಿ ಸಿಗುವುದು 22 ಗಿಗಾಬಿಟ್ ಆಸುಪಾಸು, ಅಂದರೆ 2.75 ಜಿಬಿ. ಡೆಸ್ಕ್‌ಟಾಪಿನ 16 ಲೇನ್ ಸ್ಲಾಟಿನಲ್ಲಿ, ಪಿಸಿಐಇ 4.0 ಆದರೆ, ಸುಮಾರು 31 ಜಿಬಿ. ಹೆದ್ದಾರಿಯಲ್ಲಿ ಓಡಬೇಕಾದ ಕಾರ್ಡನ್ನು ಗಲ್ಲಿಗೆ ಇಳಿಸಿದ ಹಾಗೆ. ಶೂಟಿಂಗ್ ಗೇಮ್‌ಗಳಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ) ಸರಾಸರಿ ಚೆನ್ನಾಗಿ ಕಂಡರೂ ನಡುನಡುವೆ ಗಕ್ಕನೆ ನಿಂತು ಓಡುತ್ತದೆ. ತಿರುಗುವ ಹೊತ್ತಿಗೇ ಎದುರಾಳಿ ಹೊಡೆದಿರುತ್ತಾನೆ!

ಹಾಗಾಗಿ ಮಾನಿಟರನ್ನು ಕಾರ್ಡಿಗೇ ಸಿಕ್ಕಿಸಿ. ಒಂದು ತಮಾಷೆ ಅಂದರೆ, ಅಲ್ಲಿ ರೆಸಲ್ಯೂಷನ್ ಏರಿಸಿದಷ್ಟೂ ನಷ್ಟದ ಪಾಲು ಕಡಿಮೆಯಾಗುತ್ತದೆ. 4ಕೆಯಲ್ಲಿ ಕಾರ್ಡಿಗೇ ಉಸಿರಾಡಲು ಪುರಸೊತ್ತಿರಲ್ಲ, ಸೆಕೆಂಡಿಗೆ ಬಿಡಿಸುವ ಚಿತ್ರ ಕಡಿಮೆ, ಕೇಬಲಿನ ಮೇಲೆ ಒತ್ತಡವೂ ಕಡಿಮೆ.

ಇಷ್ಟು ಬೈದ ಡಬ್ಬಿಯ ಮೇಲೆ ಪ್ರೀತಿ ಹುಟ್ಟುವುದು ಬ್ಲೆಂಡರ್ ಎಂಬ 3ಡಿ ತಂತ್ರಾಂಶ ತೆರೆದಾಗ. ಅದರ ರೆಂಡರ್ ಎಂಜಿನ್ (ಚಿತ್ರ ಬಿಡಿಸುವ ಭಾಗ) ಸೈಕಲ್ಸ್‌ನಲ್ಲಿ ದೃಶ್ಯ ಒಮ್ಮೆ ಕಾರ್ಡಿನ ಮೆಮೊರಿಗೆ ಇಳಿದರೆ ಮುಗಿಯಿತು, ಮುಂದಿನ ಲೆಕ್ಕವೆಲ್ಲ ಅಲ್ಲೇ. ಕೇಬಲಿಗೆ ಕೆಲಸವೇ ಇಲ್ಲ. ಲೋಡ್ ಆಗಲು ಕೆಲವು ಸೆಕೆಂಡ್ ಜಾಸ್ತಿ ಹಿಡಿಯಬಹುದು, ರೆಂಡರ್ ಮಾತ್ರ ಡೆಸ್ಕ್‌ಟಾಪಿಗೆ ಹತ್ತಿರ ಹತ್ತಿರ. ಶಾಖವೆಲ್ಲ ಡಬ್ಬಿಯಲ್ಲೇ ಉಳಿಯುವುದರಿಂದ ಲ್ಯಾಪ್‌ಟಾಪ್ ಫ್ಯಾನಿನ ಸದ್ದೂ ಇಳಿಯುತ್ತದೆ, ಕೀಬೋರ್ಡ್ ಬೆಚ್ಚಗೂ ಆಗಲ್ಲ. ಷರತ್ತು ಒಂದೇ, ದೃಶ್ಯ ಕಾರ್ಡಿನ ಮೆಮೊರಿಯೊಳಗೆ ಹಿಡಿಸಬೇಕು. 8 ಜಿಬಿ ಕಾರ್ಡಿಗೆ 10 ಜಿಬಿ ಟೆಕ್ಸ್ಚರ್ ತುಂಬಿದರೆ ಮಿಕ್ಕಿದ್ದು ಲ್ಯಾಪ್‌ಟಾಪಿನ ರ್‍ಯಾಮಿಗೆ ಚೆಲ್ಲಿ, ಮತ್ತೆ ಅದೇ ಗಲ್ಲಿಯಲ್ಲಿ ಓಡಾಟ. ಆದ್ದರಿಂದ ಇಜಿಪಿಯುಗೆ ವೇಗದ ಕಾರ್ಡಿಗಿಂತ ಹೆಚ್ಚು ಮೆಮೊರಿಯ ಕಾರ್ಡೇ ವಾಸಿ.

ಸ್ಲೀಪ್ ಮೋಡ್ ಮಾತ್ರ ಇನ್ನೂ ಕಿರಿಕಿರಿ. ಎದ್ದ ಮೇಲೆ ಒಮ್ಮೊಮ್ಮೆ ಕಾರ್ಡ್ ಮಾಯ, ಡಬ್ಬಿ ಆಫ್ ಮಾಡಿ ಆನ್ ಮಾಡದೆ ಗತಿಯಿಲ್ಲ. ಸ್ಲೀಪ್ ಆಫ್ ಮಾಡಿ ಇಡುವುದೇ ಸದ್ಯದ ಪರಿಹಾರ. ಜೊತೆಗೆ ಬಂದ ಕೇಬಲ್ ಗಿಡ್ಡ ಅಂತ ಉದ್ದದ್ದು ಕೊಳ್ಳುವವರು ಗಮನಿಸಿ: ಒಂದು ಮೀಟರ್ ದಾಟಿದರೆ ಆಕ್ಟಿವ್ (ಸಂಕೇತ ಬಲಪಡಿಸುವ ಚಿಪ್ ಇರುವ) ಕೇಬಲ್ಲೇ ಬೇಕು, ಮಾಮೂಲಿ ಪ್ಯಾಸಿವ್ ಕೇಬಲ್ ಅಷ್ಟು ದೂರಕ್ಕೆ 40 ಗಿಗಾಬಿಟ್ ಹಿಡಿದು ನಿಲ್ಲಲ್ಲ.

ಕಾರ್ಡ್ ಬದಲಾಯಿಸುವುದು ಮಾತ್ರ ಹತ್ತು ನಿಮಿಷದ ಕೆಲಸ. ಹಳೆಯ ಡ್ರೈವರನ್ನು ಡಿಡಿಯು ಎಂಬ ಡ್ರೈವರ್ ಅಳಿಸುವ ತಂತ್ರಾಂಶದಿಂದ ಒರೆಸಿ, ಪವರ್ ತೆಗೆದು, ಬ್ರಾಕೆಟ್ ಸ್ಕ್ರೂ ಬಿಚ್ಚಿ, ಸ್ಲಾಟಿನ ಲಾಚ್ ಒತ್ತಿ ಎತ್ತಿದರೆ ಆಯಿತು. ಎಡವುವುದು ಅಳತೆಯಲ್ಲಿ. ಎಲ್ಲರೂ ಕಾರ್ಡಿನ ಉದ್ದ ನೋಡುತ್ತಾರೆ, ಅಗಲ ಮರೆಯುತ್ತಾರೆ. 8 ಪಿನ್ ಕನೆಕ್ಟರ್ ಕಾರ್ಡಿನ ಮೇಲಂಚಿನಲ್ಲಿರುತ್ತದೆ, ಕೇಬಲ್ ಬಾಗಲು ಅಲ್ಲಿಂದಾಚೆ ಮೂರು ಸೆಂಟಿಮೀಟರಾದರೂ ಬೇಕು. ಆ ಜಾಗ ಇಲ್ಲದಿದ್ದರೆ ಕಾರ್ಡ್ ಕೂರುತ್ತದೆ, ಮುಚ್ಚಳ ಕೂರಲ್ಲ.