ಇಲಿ ಭ್ರೂಣದ ಮಿದುಳಲ್ಲಿ ತಂತುಗಳ ಜಾಡು: ಡೈ-ಐ, ಎಲೆಕ್ಟ್ರೋಪೊರೇಷನ್, ಆಂಟಿಬಾಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೈ-ಐಗೆ. ಮಿದುಳಿನ ಒಂದು ಅರ್ಧದಿಂದ ಇನ್ನೊಂದಕ್ಕೆ ದಾಟುವ ಕಾರ್ಪಸ್ ಕ್ಯಾಲೋಸಮ್ ಎಂಬ ಸೇತುವೆಯ ನರತಂತುಗಳನ್ನು ಭ್ರೂಣದಲ್ಲೇ ನೋಡಬೇಕು ಅಂದರೆ, ಈ ಹಳೇ ಬಣ್ಣದ ಹರಳನ್ನು ಬಿಟ್ಟು ಬೇರೆ ಯಾವುದಕ್ಕೂ ನಾನು ಮೊದಲು ಕೈ ಹಾಕುವುದಿಲ್ಲ. ಮೂರನ್ನೂ ಬಳಸಿ ನೋಡಿದ ಮೇಲೇ ಈ ಮಾತು.

ಜಗಳ ಇರುವುದೆಲ್ಲ ದಿನಗಳ ಲೆಕ್ಕದಲ್ಲಿ. ಇಲಿಯ ಗರ್ಭ ಸುಮಾರು 19 ದಿನ. ಮಿದುಳಿನ ಹೊರಪದರದ ಒಳಮಗ್ಗುಲಾದ ಸಿಂಗ್ಯುಲೇಟ್ ಕಾರ್ಟೆಕ್ಸ್‌ನಿಂದ ಹೊರಟ ಮೊದಲ ತಂತುಗಳು 15.5ನೇ ದಿನದ ಹೊತ್ತಿಗೆ ನಡುಗೆರೆ ದಾಟುತ್ತವೆ. ಹೊರಪದರದ ಬಹುಭಾಗವಾದ ನಿಯೋಕಾರ್ಟೆಕ್ಸ್‌ನ ತಂತುಗಳ ದೊಡ್ಡ ಗುಂಪು ಅವುಗಳ ಹಿಂದೆ ಬರುತ್ತದೆ. ಈ ಮೊದಲ ತಂತುಗಳು ದಾರಿ ಮಾಡಿಕೊಡುವ ಪಾತ್ರವನ್ನು ಸಂಶೋಧಕರಾದ ರಾಶ್ ಮತ್ತು ಲಿಂಡಾ ರಿಚರ್ಡ್ಸ್ 2001ರಲ್ಲಿ ಮುಂದಿಟ್ಟರು. ನನಗೆ ಬೇಕಾಗಿದ್ದೂ ಅವೇ.

ಈಗ ಎಲೆಕ್ಟ್ರೋಪೊರೇಷನ್‌ಗೆ ಬನ್ನಿ. ಗರ್ಭಿಣಿ ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಭ್ರೂಣದ ಮಿದುಳಿನ ಕುಹರಕ್ಕೆ (ದ್ರವ ತುಂಬಿದ ಒಳಗೂಡು) ಹಸಿರಾಗಿ ಹೊಳೆಯುವ ಪ್ರೋಟೀನ್‌ನ ಡಿಎನ್‌ಎ ಬಿಟ್ಟು, ಅದು ಕೋಶಗಳೊಳಗೆ ಹೋಗಲೆಂದು ಎಲೆಕ್ಟ್ರೋಡ್‌ನಿಂದ ಪುಟ್ಟ ಪುಟ್ಟ ವಿದ್ಯುತ್ ಪಲ್ಸ್ ಕೊಡುತ್ತಾರೆ. ಚಿತ್ರ ಬಂದರೆ ಕಣ್ಣು ತುಂಬುವಷ್ಟು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸಾಮಾನ್ಯವಾಗಿ ಎಲ್ಲರೂ ಕಲಿಸುವುದು 15.5ನೇ ದಿನದ ಭ್ರೂಣದಲ್ಲಿ ಮಾಡೋದನ್ನ, ಯಾಕೆಂದರೆ ಆಗ ಭ್ರೂಣ ಕೈಗೆ ಸಿಗುವಷ್ಟು ದೊಡ್ಡದು, ಕುಹರವೂ ಸರಿಯಾಗಿ ಕಾಣುತ್ತದೆ. ಆ ದಿನ ಡಿಎನ್‌ಎ ಪಡೆದ ಕೋಶಗಳಿಂದ ಹುಟ್ಟುವ ನ್ಯೂರಾನ್‌ಗಳು ಮುಂದೆ ಕಾರ್ಟೆಕ್ಸ್‌ನ ಮೇಲಿನ 2 ಮತ್ತು 3ನೇ ಪದರಕ್ಕೆ ಹೋಗುತ್ತವೆ. ಬೆಳೆದ ಇಲಿಯಲ್ಲಿ ಈ ಸೇತುವೆಗೆ ತಂತು ಕಳಿಸುವ ನ್ಯೂರಾನ್‌ಗಳಲ್ಲಿ ಸುಮಾರು 80% ಇರುವುದು ಅಲ್ಲೇ. ಕೇಳೋಕೆ ಸರಿಯಾಗೇ ಇದೆ, ಅಲ್ವಾ?

ಆದರೆ ಆ ನ್ಯೂರಾನ್‌ಗಳು ಮೊದಲು ಮೇಲಿನ ಪದರದವರೆಗೆ ಸಾಗಬೇಕು. ಅವುಗಳ ತಂತು ನಡುಗೆರೆ ದಾಟುವುದು ಮರಿ ಹುಟ್ಟುವ ಆಸುಪಾಸಿನಲ್ಲಿ, ಎಷ್ಟೋ ಸಲ ಹುಟ್ಟಿದ ಮೇಲೆ. ಅಂದರೆ 16.5ನೇ ದಿನ ಮಿದುಳು ತೆಗೆದು ನೋಡಿದರೆ ಹಸಿರು ಕೋಶಗಳು ಇನ್ನೂ ಕುಹರದ ಹತ್ತಿರವೇ ಇರುತ್ತವೆ. ಮೊದಲ ತಂತುಗಳು ಆಗಲೇ ಆಚೆ ಸೇರಿರುತ್ತವೆ, ಒಂದಕ್ಕೂ ಬಣ್ಣ ಇರುವುದಿಲ್ಲ.

ಹಾಗಾದರೆ 12.5ನೇ ದಿನವೇ ಮಾಡಿ ಅನ್ನುತ್ತಾರೆ. ಆಗ ಭ್ರೂಣ ತೀರಾ ಪುಟ್ಟದು, ಗರ್ಭಕೋಶದ ಗೋಡೆಯ ಹಿಂದೆ ಕುಹರ ಮಸುಕು ಮಸುಕು, ಸೂಜಿ ಕೂದಲೆಳೆ ಆಚೀಚೆ ಆದರೂ ಆ ಭ್ರೂಣ ಹೋಯಿತು. ಸಿಂಗ್ಯುಲೇಟ್ ಜಾಗ ಒಳಮಗ್ಗುಲಲ್ಲಿದೆ, ಡಿಎನ್‌ಎ ಹೋಗುವುದು ಪಾಸಿಟಿವ್ ಕಡೆಗೆ. ಹಾಗಾಗಿ ಎಡ ಕುಹರಕ್ಕೆ ಚುಚ್ಚಿದರೆ ಪಾಸಿಟಿವ್ ಎಲೆಕ್ಟ್ರೋಡ್ ಬಲಕ್ಕೆ ಇಡಬೇಕು. ಅಷ್ಟು ಪುಟ್ಟ ತಲೆಯಲ್ಲಿ ಅದೂ ಪ್ರತಿಸಲ ಒಂದೇ ಜಾಗಕ್ಕೆ ಬೀಳುವುದಿಲ್ಲ. ಇಷ್ಟಕ್ಕೆ ಪಲ್ಸ್ ಕೊಡುವ ಯಂತ್ರ, ಎಲೆಕ್ಟ್ರೋಡ್, ಶಸ್ತ್ರಚಿಕಿತ್ಸೆಗೆ ಪ್ರಾಣಿ ಎಥಿಕ್ಸ್ ಸಮಿತಿಯ ಅನುಮತಿ, ತಾಯಿಯ ನೋವು ನಿವಾರಣೆ. ಆ ತಾಯಿ ಇಲಿಗಳನ್ನು ನೋಡಿಕೊಂಡವರಿಗೆ ಗೊತ್ತು, ಉತ್ತರ ಸಿಗದ ಪ್ರಯೋಗಕ್ಕೆ ಹೀಗೆ ಮಾಡೋದು ಮನಸ್ಸಿಗೆ ಒಗ್ಗುವುದಿಲ್ಲ.

ಆಂಟಿಬಾಡಿ ಸುಲಭ. ತಂತುಗಳಲ್ಲಿರುವ ಎಲ್1 ಅಥವಾ ನ್ಯೂರೋಫಿಲಮೆಂಟ್ ಪ್ರೋಟೀನ್‌ಗೆ ಅಂಟಿಕೊಳ್ಳುವ ಆಂಟಿಬಾಡಿ ಹಾಕಿದರೆ ತಂತುಗಳೆಲ್ಲ ಕಾಣುತ್ತವೆ, ಆದರೆ ಯಾವುದು ಎಲ್ಲಿಂದ ಬಂತು ಗೊತ್ತಾಗುವುದಿಲ್ಲ. ಪಕ್ಕದಲ್ಲೇ ಎರಡೂ ಅರ್ಧ ಸೇರಿಸುವ ಇನ್ನೊಂದು ಸೇತುವೆ, ಹಿಪೊಕ್ಯಾಂಪಲ್ ಕಮಿಷರ್, ಬೇರೆ ಇದೆ. ಸಿಂಗ್ಯುಲೇಟ್ ತಂತುಗಳನ್ನು ಗುರುತಿಸಲು ನ್ಯೂರೋಪಿಲಿನ್-1 ಪ್ರೋಟೀನ್‌ನ ಆಂಟಿಬಾಡಿ ಸ್ವಲ್ಪ ಸಹಾಯ ಮಾಡುತ್ತದೆ. ಸೇತುವೆ ಇದೆಯಾ ಇಲ್ವಾ ಅಂತ ನೋಡೋಕೆ ಇಷ್ಟು ಸಾಕು.

ಡೈ-ಐ ಕೊಬ್ಬಿನಲ್ಲಿ ಕರಗುವ ಬಣ್ಣ. ಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿಯಾದ ಮಿದುಳಿನಲ್ಲೂ ಕೋಶದ ಪೊರೆಯ ಉದ್ದಕ್ಕೆ ಹರಡುತ್ತಾ ಹೋಗುತ್ತದೆ. ಸಣ್ಣ ಪಿನ್ನಿನ ತುದಿಯಲ್ಲಿ ಒಂದು ಹರಳು ತೆಗೆದುಕೊಂಡು ಸಿಂಗ್ಯುಲೇಟ್‌ನಲ್ಲಿ ಇಡಿ, 37 ಡಿಗ್ರಿಯಲ್ಲಿ ಕತ್ತಲಲ್ಲಿ ಬಿಡಿ, ತೆಳು ಸ್ಲೈಸ್ ಮಾಡುವ ಯಂತ್ರ ವೈಬ್ರಟೋಮ್‌ನಲ್ಲಿ ಕತ್ತರಿಸಿ. ಯಾವ ದಿನದ ಭ್ರೂಣ ಬೇಕೋ ಅದೇ ದಿನದ್ದು ನೋಡಬಹುದು. ಹರಳು ದೊಡ್ಡದಾದರೆ ಬಣ್ಣ ಪಕ್ಕಕ್ಕೂ ಹರಡುತ್ತದೆ, ಆದ್ದರಿಂದ ಕಣ್ಣಿಗೆ ಕಂಡೂ ಕಾಣದಷ್ಟು ಪುಟ್ಟದು ಆರಿಸಿ.

ತೊಂದರೆ ಎರಡು. ವಾರಗಟ್ಟಲೆ ಕಾಯಬೇಕು. ಆಮೇಲೆ, ನಡುಗೆರೆಯ ಪಕ್ಕದ ಗ್ಲಿಯಲ್ ವೆಜ್ ಎಂಬ ಗ್ಲಿಯಾ ಕೋಶಗಳ ಗುಂಪು ಸ್ಲಿಟ್2 ಎಂಬ ಪ್ರೋಟೀನ್ ಹೊರಬಿಟ್ಟು ತಂತುಗಳು ದಾರಿ ತಪ್ಪದಂತೆ ನೋಡಿಕೊಳ್ಳುತ್ತದಲ್ಲ, ಅದನ್ನೂ ಅದೇ ಸ್ಲೈಸ್‌ನಲ್ಲಿ ಆಂಟಿಬಾಡಿಯಿಂದ ತೋರಿಸಲು ಹೋದರೆ ಆಂಟಿಬಾಡಿ ಒಳಹೋಗಲು ಹಾಕುವ ಟ್ರೈಟಾನ್ ಎಂಬ ಡಿಟರ್ಜೆಂಟ್ ಬಣ್ಣವನ್ನೇ ತೊಳೆದುಬಿಡುತ್ತದೆ. ಟ್ರೈಟಾನ್ ಬದಲು ಡಿಜಿಟೋನಿನ್ ಬಳಸಿದರೆ ಪರವಾಗಿಲ್ಲ.

ಯಾವುದೇ ವಿಧಾನ ಹಿಡಿದರೂ ಇಲಿಯ ತಳಿ ನೋಡಿಕೊಳ್ಳಿ. ಬಿಟಿಬಿಆರ್ ತಳಿಯಲ್ಲಿ ಕಾರ್ಪಸ್ ಕ್ಯಾಲೋಸಮ್ ಇರುವುದೇ ಇಲ್ಲ. ಬಾಲ್ಬ್-ಸಿಯಲ್ಲಿ ಕೆಲವಕ್ಕೆ ಇರುವುದಿಲ್ಲ, ಹಾಗಾಗಿ ಕಂಟ್ರೋಲ್‌ಗೆ, ಅಂದರೆ ಹೋಲಿಕೆಯ ಸಹಜ ಇಲಿಯಾಗಿ, ಅದು ಬೇಡ.

ಜೀನ್ ಏರಿಸಿ ಇಳಿಸಿ ನೋಡಬೇಕಾದವರು, ಒಂದೊಂದೇ ಕೋಶದ ತಂತು ನೋಡಬೇಕಾದವರು ಎಲೆಕ್ಟ್ರೋಪೊರೇಷನ್ ಕಲಿಯಲೇಬೇಕು. ನನಗೆ ಬೇಕಿರುವುದು ದಾರಿ ಮಾತ್ರ, ದುಡ್ಡೂ ಕಡಿಮೆ, ಕಾಯೋಕೆ ಬೇಜಾರಿಲ್ಲ. ಸ್ಯಾಟ್‌ಬಿ2 ಎಂಬ ಜೀನ್ ಇಲ್ಲದ ಇಲಿಗಳಂಥ ಮ್ಯುಟೆಂಟ್ ಮಿದುಳುಗಳನ್ನು ಬೇರೆಯವರು ಫಾರ್ಮಾಲ್ಡಿಹೈಡ್‌ನಲ್ಲಿಟ್ಟು ಕಳಿಸಿದರೂ ನನ್ನ ಕೆಲಸ ನಡೆಯುತ್ತದೆ, ಡೈ-ಐ ಒಂದು ಪುಟ್ಟ ಬಾಟಲಿ ವರ್ಷಗಟ್ಟಲೆ ಬರುತ್ತದೆ.